ಹಲ್ಲಿನ ಕಾಲೇಜು ಬಿಡದವಳು

ಅಣ್ಣನಿಗೆ ಮೆಡಿಕಲ್ ಸೀಟು ಸಿಕ್ಕಿತ್ತು. ಎರಡು ವರ್ಷದ ಮೇಲೆ ತಂಗಿಗೆ ಆರೇ ಅಂಕದಲ್ಲಿ ಅದು ಕೈತಪ್ಪಿ ಡೆಂಟಲ್ ಸಿಕ್ಕಿತು. ಅಂದಿನಿಂದ ಅಣ್ಣನ ಬಾಯಲ್ಲಿ ಅವಳ ಹೆಸರು 'ಹಲ್ಲಿ' ಎಂದಾಯಿತು. ಅಪ್ಪನದು ಔಷಧಿ ಅಂಗಡಿ. ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲು ಬರಹ ಓದಿ ಓದಿ ಕಣ್ಣು ಸವೆಸಿಕೊಂಡ ಮನುಷ್ಯ. ಗಿರಾಕಿಗಳು ಮಗಳ ಸುದ್ದಿ ಕೇಳಿದರೆ, "ಅವಳೂ ಡಾಕ್ಟರ್ ಓದ್ತಿದ್ದಾಳೆ" ಎಂದು 'ಹಲ್ಲಿನ' ಎಂಬ ಮಾತನ್ನು ನುಂಗಿಬಿಡುತ್ತಿದ್ದರು. ಮನೆಯಲ್ಲೇ ಇದ್ದ ಸೋದರತ್ತೆಗೆ ಅಷ್ಟೂ ದಾಕ್ಷಿಣ್ಯವಿರಲಿಲ್ಲ. "ಹಲ್ಲು ಕೀಳೋಕೆ ಐದು ವರ್ಷ ಓದ್ಬೇಕೇನೇ? ಬಾಗಿಲಿಗೆ ದಾರ ಕಟ್ಟಿ ಎಳೆದ್ರೆ ಸಾಲ್ದಾ?"

ಎರಡನೇ ವರ್ಷದಲ್ಲಿ ಅಪ್ಪ ಪಟ್ಟು ಹಿಡಿದರು: ಮೆಡಿಕಲ್ ಪ್ರವೇಶ ಪರೀಕ್ಷೆ ಇನ್ನೊಮ್ಮೆ ಬರೆಯಲೇಬೇಕು. ಬೆಳಗ್ಗೆ ಎದ್ದು ಅದಕ್ಕೆ ಓದುವುದು, ಹಗಲೆಲ್ಲ ಕಾಲೇಜಿನಲ್ಲಿ ಮೇಣದ ತುಂಡಿನಲ್ಲಿ ಹಲ್ಲು ಕೆತ್ತುವುದು. ಒಂದು ದವಡೆ ಹಲ್ಲನ್ನು ಮೇಡಂ ಹದಿನೇಳು ಸಲ ಬುಟ್ಟಿಗೆ ಎಸೆದಿದ್ದರು. "ಇದು ಹಲ್ಲಲ್ಲ, ಆಲೂಗಡ್ಡೆ."

ಆ ದಿನಗಳಲ್ಲೇ ಕಾಲೇಜಿನ ಆಸ್ಪತ್ರೆಗೆ ಸಂಗೀತದ ಟೀಚರೊಬ್ಬರು ಬಂದರು. ವಯಸ್ಸಾದವರು, ಬಾಯಲ್ಲಿ ಒಂದು ಹಲ್ಲೂ ಇಲ್ಲ. ಅವರಿಗೆ ಕಟ್ಟಬೇಕಿದ್ದ ಹಲ್ಲುಸೆಟ್ಟಿನಲ್ಲಿ ಹಲ್ಲು ಜೋಡಿಸುವ ಕೆಲಸವನ್ನು ಮೇಡಂ ಇವಳಿಗೆ ಒಪ್ಪಿಸಿದರು. ಮೇಣದಲ್ಲಿ ಕೂರಿಸಿದ ಹಲ್ಲು ಹಾಕಿಕೊಂಡು ಆಕೆ ಹಾಡಿ ನೋಡಿದರೆ 'ಸ' ಹೋಗಿ 'ಶ' ಬಂತು.

"ಮಕ್ಕಳು ನಗ್ತಾರೆ ಕಣಮ್ಮ," ಎಂದು ಆಕೆ ಬಾಯಿಗೆ ಕೈ ಅಡ್ಡ ಹಿಡಿದರು.

ಇವಳು ಮೇಣ ಬಿಸಿಮಾಡಿ ಮುಂದಿನೆರಡು ಹಲ್ಲನ್ನು ಕೂದಲೆಳೆಯಷ್ಟು ಹಿಂದೆ ಸರಿಸಿದಳು. ಆಗಲಿಲ್ಲ. ಚೂರು ಮುಂದೆ ತಂದಳು. ಮಧ್ಯಾಹ್ನವೆಲ್ಲ ಇದೇ ಆಯಿತು. ಐದನೇ ಸಲಕ್ಕೆ 'ಸ' ತೊಳೆದಿಟ್ಟಂತೆ ಹೊರಬಂತು. ಟೀಚರು ಕೈ ಇಳಿಸಿ, ಅಕ್ಕಪಕ್ಕದ ಕುರ್ಚಿಯವರೆಲ್ಲ ತಿರುಗಿ ನೋಡುವಂತೆ ಇಡೀ ಹಾಡನ್ನೇ ಹಾಡಿಬಿಟ್ಟರು.

ತಿಂಗಳಾದ ಮೇಲೆ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂತು. ಈ ಸಲ ಮೆಡಿಕಲ್ ಸೀಟು ಖಚಿತ. ಅಪ್ಪ ಅಂಗಡಿ ಮುಚ್ಚಿ ಓಡೋಡಿ ಬಂದರು.

"ನಾನು ಹೋಗಲ್ಲಪ್ಪ," ಎಂದಳು.

"ಕೈಗೆ ಬಂದ ತುತ್ತನ್ನ ಚೆಲ್ತೀಯಲ್ಲೇ," ಎಂದರು ಅತ್ತೆ.

"ಮತ್ತೆ ಪರೀಕ್ಷೆ ಯಾಕೆ ಬರೆದೆ?" ಅಪ್ಪನ ದನಿ ಬಿದ್ದುಹೋಗಿತ್ತು.

"ನಿಮಗೋಸ್ಕರ ಬರೆದೆ. ಈಗ ನೋಡಿದ್ರೆ ನನಗೇ ಒಳ್ಳೇದಾಯ್ತು. ಮೆಡಿಕಲ್ ಸಿಗ್ದೆ ಹಲ್ಲಿಗೆ ಬಂದ್ಲು ಅಂತ ಇನ್ಮೇಲೆ ಯಾರೂ ಅನ್ನೋ ಹಾಗಿಲ್ಲ. ಸಿಕ್ಕಿದೆ, ನನಗೆ ಬೇಡ."

"ಜನ ಏನಂತಾರೆ?"

"ಹಲ್ಲಿನ ಡಾಕ್ಟರ್ ಅಂತಾರೆ. ನೀವೂ ಹಾಗೇ ಅನ್ನಿ."

ಬಾಗಿಲಲ್ಲಿ ನಿಂತಿದ್ದ ಅಣ್ಣ ಕೇಳಿದ, "ನಿಜ ಹೇಳು, ಯಾವುದು ಕಷ್ಟ? ನಂದಾ, ನಿಂದಾ?"

"ಓದೋದು ನಿನಗೇ ಜಾಸ್ತಿ, ಒಪ್ಕೋತೀನಿ. ನಮಗೆ ಓದಿದ್ದು ಬೆರಳ ತುದಿಗೂ ಇಳೀಬೇಕು. ಅನುಮಾನ ಇದ್ರೆ ಒಂದು ದವಡೆ ಹಲ್ಲು ಕೆತ್ತಿ ತೋರ್ಸು."



ಸೀಟು ಪಡೆಯುವ ಕೊನೆಯ ದಿನ ಅಪ್ಪ ಅರ್ಜಿ ಹಿಡಿದು ಕಾಲೇಜಿಗೇ ಬಂದರು. ಅವಳು ಜಗಳವಾಡಲಿಲ್ಲ. ಅವರಿಗೊಂದು ಸ್ಟೂಲು ಹಾಕಿ ಕೂರಿಸಿ, ತನ್ನ ಮೇಜಿನ ಕೆಲಸ ಮುಂದುವರಿಸಿದಳು. ಗೋಡೆಯ ಗಡಿಯಾರದಲ್ಲಿ ಗಡುವಿನ ಐದು ಗಂಟೆ ದಾಟಿತು. ಅಪ್ಪ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟು ಎದ್ದು ಹೋದರು.  ಅವಳು ಇನ್ನೊಂದು ಮೇಣದ ತುಂಡು ತೆಗೆದುಕೊಂಡು ದವಡೆ ಹಲ್ಲು ಕೆತ್ತತೊಡಗಿದಳು.