ಎಂಟನೇ ಚುಕ್ಕೆ

ಎಂಟರಲ್ಲಿ ಏಳೇ ಕಾಣುತ್ತಿವೆ ಎಂದು ವೀರೇಶ್ ಮೂರನೇ ಸಲ ಫೋನ್ ಮಾಡಿದಾಗ ನಿಖತ್ ಕೈಯಲ್ಲಿದ್ದ ಸುತ್ತಿಗೆಯನ್ನು ಬೆಂಚಿನ ಮೇಲೆ ಕುಕ್ಕಿದಳು.

ಹರಿಹರದಲ್ಲಿ ಅಪ್ಪ ಹಯಾತ್ ಸಾಬ್ ಹಾಕಿದ್ದ ತಗಡಿನ ಕೆಲಸದ ಅಂಗಡಿಯನ್ನು ಒಂಬತ್ತು ವರ್ಷದಿಂದ ಅವಳೇ ನಡೆಸುತ್ತಿದ್ದಳು. ಕಿಟಕಿ ಗ್ರಿಲ್ಲು, ಟ್ರಾಲಿ ರಿಪೇರಿ ಅವಳ ದಿನನಿತ್ಯದ ಕೆಲಸ. ಮೂರು ತಿಂಗಳ ಹಿಂದೆ ಬೆಂಗಳೂರಿನ ಕಂಪನಿಯೊಂದರ ಎಂಜಿನಿಯರ್ ವೀರೇಶ್ ಬಂದು ವಿಚಿತ್ರ ಆರ್ಡರ್ ಕೊಟ್ಟಿದ್ದ. ಮೂರು ಅಲ್ಯೂಮಿನಿಯಂ ಹಾಳೆಗಳನ್ನು ಕೋಣೆಯ ಮೂಲೆಯಂತೆ ಕೂಡಿಸಬೇಕು, ಎಲ್ಲಿ ಅಳೆದರೂ ಕರಾರುವಾಕ್ಕಾಗಿ ತೊಂಬತ್ತು ಡಿಗ್ರಿ ಇರಬೇಕು. ಅಂಥವು ಎಂಟು. ಸೇನೆಗಾಗಿ ಗಡಿ ಕಾಯುವ ರಾಡಾರ್ ಉಪಗ್ರಹವಂತೆ. ಮೋಡವಿರಲಿ, ಕತ್ತಲಿರಲಿ, ಮೇಲಿನಿಂದ ರೇಡಿಯೊ ಅಲೆ ಬಿಟ್ಟು, ಮರಳಿ ಬಂದ ಅಲೆಯಿಂದ ಚಿತ್ರ ಬರೆಯುತ್ತದಂತೆ. ಈ ಮೂಲೆಗಳು ಅಲೆಯನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಿ ಬಿಳಿ ಚುಕ್ಕೆಗಳಾಗಿ ಕಾಣಬೇಕು. ಕಂಡರೆ ಉಪಗ್ರಹದ ಕಣ್ಣು ಸರಿಯಿದೆ ಎಂದರ್ಥ. ದಾವಣಗೆರೆ ಆಚೆ ಹದಡಿಯಲ್ಲಿ ಹಾಲೇಶಪ್ಪ ಎಂಬ ರೈತನ ಬೀಳು ಹೊಲವನ್ನು ಕಂಪನಿಯವರು ಬಾಡಿಗೆಗೆ ಹಿಡಿದು ಎಂಟನ್ನೂ ನಿಲ್ಲಿಸಿದ್ದರು.

“ಎಂಟನೇದರ ಮೂಲಿ ಸೊಟ್ಟ ಐತೆ. ತಯಾರಿಕೆ ದೋಷ ಅಂತ ವರದಿ ಬರದೀನಿ. ಎಂಟೂ ಹೊಸದಾಗಿ ಮಾಡಿಕೊಡ್ರಿ,” ಎಂದ ವೀರೇಶ್.

“ಹೊಲಕ್ಕ ಹೋಗಿ ನೋಡಿದ್ರೇನ್ರಿ?”

“ಯಾಕ ಹೋಗಬೇಕು? ಉಪಗ್ರಹದ ಚಿತ್ರಾನೇ ಐತಲ್ಲ.”

ನಿಖತಳಿಗೆ ಮೈ ಉರಿಯಿತು. ತೊಂಬತ್ತು ಡಿಗ್ರಿ ನೋಡುವ ಮೂಲೆಮಟ್ಟವನ್ನು ಚೀಲಕ್ಕೆ ತುರುಕಿಕೊಂಡು ದಾವಣಗೆರೆ ಬಸ್ಸು ಹತ್ತಿದಳು. ಎಸ್.ಎಸ್. ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ವೀರೇಶನನ್ನು ಎಬ್ಬಿಸಿ, ಅವನದೇ ಕಾರಿನಲ್ಲಿ ಹದಡಿಗೆ ಕರೆದೊಯ್ದಳು.

ಏಳು ಮೂಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ದನದ ಕೊಟ್ಟಿಗೆಗೆ ಹತ್ತಿರವಿದ್ದ ಎಂಟನೆಯದರಲ್ಲಿ ಎಮ್ಮೆಯೊಂದು ಕಿವಿಯವರೆಗೂ ಮುಖ ಇಳಿಸಿ ಹಸಿ ಜೋಳದ ಮೇವು ಮೆಲ್ಲುತ್ತಿತ್ತು.

ಹಾಲೇಶಪ್ಪನ ಹೆಂಡತಿ ಉಚ್ಚೆಂಗೆಮ್ಮ ಕೊಟ್ಟಿಗೆಯಿಂದ ಈಚೆ ಬಂದಳು. “ಬಾನಿ ಇದ್ದಂಗ ಐತಲ್ಲ ಅಂತ ಮೇವು ಹಾಕ್ದೆ ಕಣವ್ವ. ವಾರ ಆತು. ಏನು, ಹಾಕಬಾರದಿತ್ತಾ? ಯಾರೂ ಹೇಳಲಿಲ್ಲಪ್ಪ.”

ನಿಖತ್ ಎಮ್ಮೆಯನ್ನು ಸರಿಸಿ, ಮೇವು ಬಾಚಿ ತೆಗೆದು, ಚೀಲದಲ್ಲಿದ್ದ ಬಟ್ಟೆಯಿಂದ ತಗಡು ಒರೆಸಿದಳು. ಮೂರು ಕಡೆಯೂ ಮೂಲೆಮಟ್ಟ ಒತ್ತಿ ಹಿಡಿದಳು. ಎಲ್ಲಿಯೂ ಕೂದಲೆಳೆಯಷ್ಟು ಸಂದಿಲ್ಲ.

“ಬಗ್ಗಿ ನೋಡ್ರಿ.”

ವೀರೇಶ್ ಬಗ್ಗಿ ನೋಡಿದ. ತಲೆ ಕೆರೆದುಕೊಂಡ. “ಹೊಸದು ಮಾಡದು ಬ್ಯಾಡ ಬಿಡ್ರಿ. ಆದ್ರ ವರದಿ ಹಂಗೇ ಇರ್ಲಿ. ಎಮ್ಮಿ ಅಂತ ಹೆಂಗೆ ಬರೀಲಿ? ಮ್ಯಾಲಿನೋರು ನಗ್ತಾರೆ.”

“ನಗ್ಲಿ!” ನಿಖತಳ ದನಿಗೆ ಎಮ್ಮೆಯೂ ತಲೆಯೆತ್ತಿತು. “ಇಲ್ಲಿ ಹಸಿ ಮೇವು ಅಡ್ಡ ಬಂದಿದ್ದಕ್ಕೇ ಒಂದು ಚುಕ್ಕಿ ಕಾಣಲಿಲ್ಲ. ನೀವು ತಗಡಿನ ತಪ್ಪು ಅಂತ ಬರದು ಸುಮ್ಕಾದ್ರಿ. ನಾಳೆ ಗಡಿಯಾಗ ಏನೋ ಒಂದು ಕಾಣದೇ ಹೋದಾಗ, ಹಸಿ ಸೊಪ್ಪು ಅಡ್ಡ ಬಂದ್ರ ಹಿಂಗಾಗತೈತಿ ಅಂತ ಅಲ್ಲಿರೋ ಸಿಪಾಯಿಗೆ ಯಾರು ಹೇಳ್ತಾರ್ರಿ? ನನ್ನ ಹೆಸರು ಕೆಟ್ಟಿದ್ದು ಬ್ಯಾರೆ.”

ವೀರೇಶ್ ಕಾರಿನ ಬಾನೆಟ್ ಮೇಲೆ ಲ್ಯಾಪ್‌ಟಾಪ್ ಇಟ್ಟು ವರದಿ ತಿದ್ದತೊಡಗಿದ. ‘ಸ್ಥಳೀಯ ಅಡಚಣೆ’ ಎಂದು ಟೈಪಿಸಿದ್ದನ್ನು ನಿಖತ್ ಪಕ್ಕದಲ್ಲೇ ನಿಂತು ಅಳಿಸಿದಳು. ಕೊನೆಗೆ ‘ಹಸಿ ಮೇವು, ಎಮ್ಮೆ’ ಎಂದು ಬಿತ್ತು. ಉಚ್ಚೆಂಗೆಮ್ಮ ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟಳು. ವೀರೇಶ್ ಲೋಟದಿಂದ ಕಣ್ಣೆತ್ತಲಿಲ್ಲ.

ಮುಂದಿನ ವಾರ ವೀರೇಶ್ ಕಳಿಸಿದ ಹೊಸ ಚಿತ್ರ ಬಂತು. ಎಂಟೂ ಚುಕ್ಕೆ ಬಿದ್ದಿದ್ದವು. ನಿಖತ್ ಫೋನನ್ನು ಅಪ್ಪನ ಮುಂದೆ ಹಿಡಿದಳು. ಹಯಾತ್ ಸಾಬ್ ಕನ್ನಡಕ ಏರಿಸಿ, ಇಳಿಸಿ, ಕಪ್ಪು ನೆಲದ ಮೇಲೆ ನುಚ್ಚಕ್ಕಿ ಚೆಲ್ಲಿದಂತಿದ್ದ ಚಿತ್ರವನ್ನು ನೋಡಿದರು.

“ಎರಡು ತಿಂಗಳು ಬಡಿದಿದ್ದು ಇಷ್ಟಕ್ಕೇನಾ ಬೇಟಿ?”

“ಹೂಂ ಅಬ್ಬಾ, ಇಷ್ಟಕ್ಕೇ,” ಎಂದು ನಿಖತ್ ಗ್ರಿಲ್ಲಿನ ಸರಳು ಎತ್ತಿಕೊಂಡಳು.