ನೆವಿಲ್ ಕೈಯಲ್ಲಿ

ಸಿನೆಮಾ ಪರದೆಯ ಮೇಲೆ ಆ ಫ್ರೆಂಚ್ ಗಂಡಸು ಪಕ್ಕದ ಮನೆಯ ಹೆಂಗಸಿನ ಅಡುಗೆಮನೆಯಲ್ಲಿ ನಿಂತು ಅವಳ ಕಪ್ಪುಗಳನ್ನು ತೊಳೆಯುತ್ತಿದ್ದ. ಅವಳು ಕೆಲಸಕ್ಕೆ ಹೋಗಿದ್ದಳು. ಅವಳ ಬಾಗಿಲಿನ ಕೀಲಿಯನ್ನು ಕದ್ದು ಅವನು ಅಂಥದ್ದೇ ಇನ್ನೊಂದು ಮಾಡಿಸಿಕೊಂಡಿದ್ದ. ಕಪ್ಪುಗಳನ್ನು ಒರೆಸಿ, ಹಿಡಿಗಳೆಲ್ಲ ಒಂದೇ ದಿಕ್ಕಿಗೆ ಬರುವಂತೆ ಜೋಡಿಸಿಟ್ಟು, ಸದ್ದಿಲ್ಲದೆ ಹೊರಟುಹೋದ.

"ಇವನಿಗೆ ಪೂರ್ತಿ ಮರ್ಲು," ಎಂದು ಸ್ಟೇಸಿ ಪಿಸುಗುಟ್ಟಿದಳು. ಒಲಿಂಡಾ ಮತ್ತು ಅವಳು ಒಂದೇ ಕೋಣೆಯಲ್ಲಿ ಇರುವವರು, ಒಂದೇ ಆಸ್ಪತ್ರೆಯಲ್ಲಿ ಕೆಲಸ. "ಆದ್ರೂ ಪಾತ್ರೆ ತೊಳೆಯುವ ಗಂಡಸು ಅಲ್ವಾ ಮಾರಾಯ್ತಿ, ಸುಮ್ಮನೆ ಬಿಡ್ಲಿಕ್ಕಾಗ್ತದಾ?"

ಒಲಿಂಡಾ ನಕ್ಕಳು. ಆದರೆ ಮುಂದಿನ ಒಂದು ಗಂಟೆ ಇಬ್ಬರಿಗೂ ನಗು ಬರಲಿಲ್ಲ. ಸಿನೆಮಾದ ಕೊನೆಗೆ ಅವನು ಆ ಹೆಂಗಸನ್ನು ಮನೆಯೊಳಗೇ ಕೂಡಿಹಾಕಿದ, ಪೊಲೀಸರು ಬಾಗಿಲು ಒಡೆದರು. ದೀಪ ಹತ್ತಿತು. ಒಲಿಂಡಾಳ ಇನ್ನೊಂದು ಬದಿಗೆ ಕುಳಿತಿದ್ದ ನೆವಿಲ್ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

"ಪಾಪ ಅವನು," ಎಂದ. "ಅವಳು ಒಮ್ಮೆ ಕೂತು ಮಾತಾಡಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ."

ನೆವಿಲ್ ದುಬೈಯಿಂದ ದೂರದ ರುವೈಸ್ ಎಂಬಲ್ಲಿ ವೆಲ್ಡರ್. ಕ್ರಿಸ್ಮಸ್‌ಗೆ ದುಬೈಯ ಇಗರ್ಜಿಯಲ್ಲಿ ಹಾಡುವವರ ಗುಂಪಿನಲ್ಲಿ ಪರಿಚಯವಾದವನು. ಒಲಿಂಡಾ ಅವನೊಡನೆ ಮಾತಾಡಿದ್ದು ಎರಡು ಸಲ, ಮೂರು ಸಲ ಇರಬಹುದು. ಕಳೆದ ತಿಂಗಳು ಅವನು ರಜೆಯಲ್ಲಿ ಊರಿಗೆ ಹೊರಟಾಗ ಅಮ್ಮನಿಗೆಂದು ಹಾಲಿನ ಪುಡಿ, ಮಂಡಿನೋವಿನ ಮುಲಾಮು ಕೊಟ್ಟು ಕಳಿಸಿದ್ದಳು. ಇಲ್ಲಿ ಯಾರು ಊರಿಗೆ ಹೊರಟರೂ ಉಳಿದವರು ಎರಡು ಕೇಜಿ ಹೊರಿಸುವುದು ರೂಢಿ. ಹೋದವನು ಫೋನ್ ಮಾಡುತ್ತಾನೆ, ಮನೆಯವರು ಬಸ್‌ಸ್ಟ್ಯಾಂಡಿಗೆ ಬಂದು ತೆಗೆದುಕೊಂಡು ಹೋಗುತ್ತಾರೆ, ಅಷ್ಟೇ. ಇವತ್ತು, ಅಮ್ಮ ಕಳಿಸಿದ ಪೆಟ್ಟಿಗೆ ಕೊಡಬೇಕು, ಮಾಲ್‌ಗೆ ಬನ್ನಿ ಎಂದಿದ್ದ. ಬಂದು ನೋಡಿದರೆ ಮೂರು ಟಿಕೆಟ್ ತೆಗೆದಿಟ್ಟಿದ್ದ.

ಕೆಳಗಿನ ಮಹಡಿಯಲ್ಲಿ ಚಹಾಕ್ಕೆ ಕುಳಿತಾಗ ಅವನು ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟ. ಒಣಮೀನಿನ ವಾಸನೆ ಮೆಲ್ಲಗೆ ಹೊರಗೆ ಬರುತ್ತಿತ್ತು.

"ಊರಲ್ಲಿ ನಿಮ್ಮ ಕೋಣೆಯ ಕಿಟಕಿಗೆ ಸರಳು ಹಾಕಿ ಕೊಟ್ಟೆ," ಎಂದ. "ಮರದ್ದು ಎಲ್ಲ ಗೆದ್ದಲು ಹಿಡಿದಿತ್ತು. ಮೂರು ದಿನ ಆಯ್ತು ಕೆಲಸ. ಅಲ್ಲೇ ಮಲಗಿದ್ದೆ."

"ಎಲ್ಲಿ?"

"ನಿಮ್ಮ ಮಂಚದಲ್ಲಿ."

ಒಲಿಂಡಾಳ ಕೈಯಲ್ಲಿದ್ದ ಲೋಟ ಬಾಯಿಯವರೆಗೆ ಹೋಗಲಿಲ್ಲ. "ನಿಮಗೆ ನಮ್ಮ ಮನೆಗೆ ಹೋಗ್ಲಿಕ್ಕೆ ಯಾರು ಹೇಳಿದ್ದು?"

ನೆವಿಲ್ ಪರ್ಸಿನಿಂದ ಏನನ್ನೋ ತೆಗೆದ. ರಟ್ಟಿನ ಒಂದು ತುಂಡು, ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಚು ಕತ್ತರಿಸಿದ್ದು. ಕನ್ನಡ ಮಾತ್ರ ಓದಬಲ್ಲ ಅಮ್ಮನಿಗೆಂದು ಒಲಿಂಡಾಳೇ ಕಳೆದ ತಿಂಗಳು ಕಳಿಸಿದ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದದ್ದು. ಅಮ್ಮನ ಹೆಸರು, ಫೋನ್ ನಂಬರ್ ಇದ್ದ ಸಾಲುಗಳನ್ನು ಅವನು ಕತ್ತರಿಸಿ ತೆಗೆದಿದ್ದ. ಉಳಿದದ್ದು ಎರಡೇ ಸಾಲು.

ನೆವಿಲ್ ಕೈಯಲ್ಲಿ
ಒಲಿಂಡಾ

"ಇದನ್ನು ಓದಿದ ಮೇಲೆ ಇನ್ನೆಂತ ಕೇಳುವುದು?" ಎಂದ ನೆವಿಲ್. "ಅಮ್ಮನಿಗೂ ತೋರಿಸಿದೆ. ಅವರ ಕಣ್ಣಲ್ಲಿ ನೀರು ಬಂತು."

"ಅದು ಪಾರ್ಸೆಲ್ ಯಾರ ಕೈಯಲ್ಲಿ ಕಳಿಸಿದ್ದು ಅಂತ ಬರೆದದ್ದು. ಎಲ್ಲರೂ ಹಾಗೇ ಬರೆಯುವುದು."

"ಎಲ್ಲರೂ ಬರೀತಾರೆ. ನೀವು ನನಗೆ ಬರೆದದ್ದು."

ಒಲಿಂಡಾ ಅಲ್ಲೇ, ಅವನ ಎದುರೇ, ಅಮ್ಮನಿಗೆ ಫೋನ್ ಮಾಡಿದಳು. "ಅಮ್ಮ, ನನಗೂ ಈ ನೆವಿಲ್‌ಗೂ ಎಂತದೂ ಇಲ್ಲ. ನಾನು ಯಾವ ಮದುವೆಗೂ ಒಪ್ಪಿಲ್ಲ. ಇನ್ನು ಬಂದ್ರೆ ಒಳಗೆ ಸೇರಿಸಬೇಡ."

"ಜಗಳ ಆಯ್ತಾ ಪುತಾ?" ಅಮ್ಮನ ಧ್ವನಿಯಲ್ಲಿ ನಗುವಿತ್ತು. "ನೀನು ಹೀಗೇ ಹೇಳ್ತಿ ಅಂತ ಅವನು ಮೊದಲೇ ಹೇಳಿದ್ದ. ಎಲ್ಲ ತಾನೇ ಬಂದು ಹೇಳ್ತೇನೆ ಅಂದ, ಅದಕ್ಕೆ ನಾನು ಫೋನಲ್ಲಿ ಹೇಳ್ಲಿಲ್ಲ. ಡಿಸೆಂಬರಿಗೆ ಮದುವೆ ಅಂತ ಪಾದ್ರಿಗಳ ಹತ್ರ ಮಾತಾಡಿ ಆಗಿದೆ. ಊಟ ಮಾಡಿದ್ಯಾ?"

ಫೋನ್ ಇಟ್ಟಾಗ ನೆವಿಲ್ ಅವಳನ್ನೇ ನೋಡುತ್ತಿದ್ದ. ಕೋಪವಿರಲಿಲ್ಲ. ಜ್ವರ ಬಂದ ಮಗುವನ್ನು ನೋಡುವ ಹಾಗೆ ನೋಡುತ್ತಿದ್ದ.

"ನೆವಿಲ್, ಕೇಳಿ," ಅವಳು ಒಂದೊಂದೇ ಮಾತು ಬಿಡಿಸಿ ಹೇಳಿದಳು. "ನನಗೆ ನೀವು ಬೇಡ. ಇವತ್ತೂ ಬೇಡ, ನಾಳೆಯೂ ಬೇಡ. ಖಲಾಸ್."

"ಆಯ್ತು. ನಿಧಾನಕ್ಕೆ ಆಗ್ಲಿ," ಎಂದ ಅವನು. "ಪೆಟ್ಟಿಗೆ ಭಾರ ಉಂಟು, ಬಾಗಿಲವರೆಗೆ ನಾನೇ ತಂದು ಕೊಡ್ತೇನೆ. ಊರಿನ ಮನೆ ನೋಡಿ ಆಯ್ತು. ಇಲ್ಲಿಯ ನಿಮ್ಮ ಬಿಲ್ಡಿಂಗ್ ಒಂದು ನೋಡ್ಲಿಕ್ಕೆ ಬಾಕಿ."

ಒಲಿಂಡಾ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಎದ್ದಳು. ಸ್ಟೇಸಿ ಹಿಂದೆಯೇ ಓಡಿಬಂದಳು. ಹೊರಗೆ ನಾಲ್ಕು ಗಂಟೆಯ ಬಿಸಿಲು ಅಲ್ ಬರ್ಷಾ ಬಡಾವಣೆಯ ರಸ್ತೆಯ ಮೇಲೆ ಬಿಳಿಯಾಗಿ ಬಿದ್ದಿತ್ತು. ಹಿಂತಿರುಗಿ ನೋಡಿದರೆ, ಮೂವತ್ತು ಮಾರು ದೂರದಲ್ಲಿ ಅವನು ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಬರುತ್ತಿದ್ದ. ಅವಸರವೇ ಇರಲಿಲ್ಲ.

"ಪೊಲೀಸಿಗೆ ಹೇಳುವ," ಎಂದಳು ಸ್ಟೇಸಿ.

"ಎಂತ ಹೇಳುವುದು? ಒಬ್ಬ ಒಣಮೀನು ತಂದಿದ್ದಾನೆ ಅಂತಲಾ?"

"ಅದನ್ನೇ ಹೇಳುವ. ಫೋನ್ ತೆಗಿ."

ಒಲಿಂಡಾ ಚೀಲದಲ್ಲಿ ಕೈಯಾಡಿಸುತ್ತ ನಡೆದಳು. ಬೆವರಿದ ಬೆರಳಿಗೆ ಫೋನ್ ಸಿಕ್ಕಿ ಸಿಕ್ಕಿ ಜಾರುತ್ತಿತ್ತು. ತಿರುವಿನಲ್ಲಿ ಅವರಿಬ್ಬರ ಕೋಣೆಯಿದ್ದ ಕಟ್ಟಡ ಬಂತು. ಕಾವಲಿನ ಮುದುಕ ದೂರದಿಂದಲೇ ಗುರುತು ಹಿಡಿದು, ನಗುತ್ತ ಗಾಜಿನ ಬಾಗಿಲು ಎಳೆದು ನಿಂತ. ಒಳಗಿನ ತಂಪು ಗಾಳಿ ಕಾಲಿಗೆ ತಾಗಿತು. ಒಲಿಂಡಾ ಸ್ಟೇಸಿಯ ಮೊಣಕೈ ಹಿಡಿದಳು. ಮುದುಕನನ್ನು ಕಂಡೇ ಗೊತ್ತಿಲ್ಲದವಳಂತೆ, ನೇರ ಮುಂದೆ ನೋಡುತ್ತ, ಆ ಬಾಗಿಲನ್ನು ದಾಟಿ ನಡೆದಳು. ಮುಂದಿನ ಕಟ್ಟಡವನ್ನೂ ದಾಟಿದಳು.

ಮುದುಕ ಬಾಗಿಲನ್ನು ಹಿಡಿದುಕೊಂಡೇ ನಿಂತಿದ್ದ.