ಮೇಷ್ಟರ ಕತ್ತರಿ, ನರ್ಸಮ್ಮನ ಹೂವು

ಡ್ರಿಲ್ ಮೇಷ್ಟರಿಗೆ ನಿವೃತ್ತಿಯಾಗಿ ಆರು ವರ್ಷವಾಗಿತ್ತು. ಅವರ ಕೊರಳಿನ ಸೀಟಿಗೆ ಮಾತ್ರ ಇನ್ನೂ ಆಗಿರಲಿಲ್ಲ. ಮೂವತ್ತೆರಡು ವರ್ಷ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಮನುಷ್ಯ. ಏನು ಓರೆಯಾಗಿ ಕಂಡರೂ ಕೈ ತುರಿಸುತ್ತಿತ್ತು. ಈಗ ಅಂಗಳದಲ್ಲಿ ಸಾಲಾಗಿ ನಿಲ್ಲುವುದಕ್ಕೆ ಇದ್ದದ್ದು ಒಂದೇ ಒಂದು ಹೊಳೆದಾಸವಾಳದ ಮರ. ಒಂದೇ ಮರ ಸಾಲು ಹೇಗಾದೀತು ಎಂದು ನೀವು ಕೇಳಬಹುದು. ಧೈರ್ಯವಿದ್ದರೆ ಮೇಷ್ಟರನ್ನೇ ಕೇಳಿ.

ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ ಅವರು ಬಿಳಿ ಕ್ಯಾನ್‌ವಾಸ್ ಬೂಟು ಹಾಕಿಕೊಂಡು, ಏಣಿ ಒರಗಿಸಿ, ಒಂದು ಸಲ ಸೀಟಿ ಊದಿ, ಉದ್ದ ಹಿಡಿಯ ಕತ್ತರಿ ಎತ್ತುತ್ತಿದ್ದರು. ಕಳೆದ ವಾರದಿಂದ ಈಚೆಗೆ ಯಾವ ಚಿಗುರು ತಲೆ ಎತ್ತಿದೆಯೋ ಅದರ ತಲೆ ಹೋಯಿತೆಂದೇ ಲೆಕ್ಕ. ಒಂದು ಗಂಟೆಯೊಳಗೆ ಮರ ದುಂಡಗೆ ಚೆಂಡಿನ ಹಾಗಾಗುತ್ತಿತ್ತು. ಮೇಷ್ಟ್ರು ಗೇಟಿನ ತನಕ ಹಿಂದಡಿಯಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ಮತ್ತೆ ಹೋಗಿ ಇನ್ನೆರಡು ಎಲೆ ತೆಗೆದು ಬರುತ್ತಿದ್ದರು.

ಮರ ನಿಜಕ್ಕೂ ಅವರ ಹೆಂಡತಿಯದು. ಪಾತ್ರೆ ತೊಳೆಯುವಾಗ ನೇರಳೆ ಹೂವು ಕಾಣಲಿ ಎಂದು ಆಕೆಯೇ ಸಸಿ ತಂದು ಅಡುಗೆಮನೆಯ ಕಿಟಕಿಯೆದುರು ನೆಟ್ಟಿದ್ದರು. ಮೇಷ್ಟ್ರು ಕೆಲಸ ಮುಗಿಸಿ ಮನೆಯಲ್ಲಿ ಕೂತ ಮೂರನೇ ವಾರ ಕತ್ತರಿ ಕೊಂಡು ತಂದು ಅವರ ಕೈಗಿಟ್ಟವರೂ ಆಕೆಯೇ. ಅಂದಿನಿಂದ ಕಿಟಕಿಯ ಕಡೆ ಒಂದು ಮೊಗ್ಗೂ ಕಂಡಿರಲಿಲ್ಲ. “ಬಿಡುತ್ತೆ ಬಿಡೆ. ಇನ್ನೂ ಶಿಸ್ತು ಸಾಲದು ಅದಕ್ಕೆ” ಎನ್ನುತ್ತಿದ್ದರು ಮೇಷ್ಟ್ರು.

ನಾಲ್ಕು ರೆಂಬೆಗಳು ಮಾತ್ರ ಕಾಂಪೌಂಡ್ ಗೋಡೆ ದಾಟಿ ಪಕ್ಕದ ಮನೆಯ ನರ್ಸಮ್ಮನ ಅಂಗಳಕ್ಕೆ ಬಾಗಿದ್ದವು. ಅಂಗಳ ಅಂದರೆ ಅಂಗಳ, ಮೇಷ್ಟರ ಲೆಕ್ಕದಲ್ಲಿ ಕಾಡು: ಮೊಣಕಾಲುದ್ದ ಕಳೆ, ನಡುವೆ ಒಂದು ಒಡೆದ ಬಕೆಟ್ಟು. ಮೊದಲ ವರ್ಷ ಮೇಷ್ಟ್ರು ಏಣಿಯಿಂದ ಆ ಕಡೆಗೂ ಕತ್ತರಿ ಚಾಚಿದಾಗ ನರ್ಸಮ್ಮ ಕೆಂಪು ಕಣ್ಣು ಬಿಟ್ಟುಕೊಂಡು ಹೊರಗೆ ಬಂದಿದ್ದಳು.

“ಮೇಷ್ಟ್ರೇ, ರಾತ್ರಿಪಾಳಿ ಮುಗಿಸಿ ಈಗ ಕಣ್ಣು ಮುಚ್ಚಿದ್ದೆ. ಇನ್ನೊಂದ್ಸಲ ಈ ಕಡೆ ಕರ್‌ಕರ್ ಅನ್ನಿಸಿದ್ರೆ ನಿಮಗೇ ಹೊಲಿಗೆ ಹಾಕ್ಬಿಡ್ತೀನಿ, ನೋಡಿ.”

ಮೈದಾನದಲ್ಲಿ ಹುಲಿಯಾಗಿದ್ದ ಮೇಷ್ಟ್ರು ಸೂಜಿಗೆ ಮಾತ್ರ ಹೆದರುತ್ತಿದ್ದರು. ಆ ನಾಲ್ಕು ರೆಂಬೆಗಳನ್ನು ಮತ್ತೆ ಮುಟ್ಟಲಿಲ್ಲ. ಆ ಕಡೆ ಆಗೊಮ್ಮೆ ಈಗೊಮ್ಮೆ ಒಂದೆರಡು ಗೊಂಚಲು ಬಿಟ್ಟರೆ ಕಂಡೂ ಕಾಣದ ಹಾಗಿದ್ದುಬಿಡುತ್ತಿದ್ದರು.

ಈ ಬೇಸಿಗೆಯಲ್ಲಿ ಹಾಗಿರಲು ಆಗಲಿಲ್ಲ. ಬಿಸಿಲು ಏರಿದ್ದೇ ತಡ, ಗೋಡೆಯಾಚೆಯ ರೆಂಬೆಗಳು ಎಲೆ ಕಾಣದಷ್ಟು ಹೂ ಬಿಟ್ಟವು. ಒಂದು ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗುತ್ತಿದ್ದವನೊಬ್ಬ ಮೇಷ್ಟರ ಗೇಟಿನೆದುರು ನಿಲ್ಲಿಸಿದ.

“ಸಾರ್, ಪಕ್ಕದ್ಮನೆಯವ್ರು ಇದ್ದಾರಾ? ಅವರ ಮರ ಎಷ್ಟು ಚೆನ್ನಾಗಿದೆ! ಹೇಗೆ ಬೆಳೆಸಿದ್ರು ಕೇಳೋಣ ಅಂತ.”

“ಅದು ನನ್ನ ಮರ” ಅಂದರು ಮೇಷ್ಟ್ರು.

ಅವನು ಆ ಕಡೆಯ ಹೂ ನೋಡಿದ, ಈ ಕಡೆಯ ಹಸಿರು ಚೆಂಡು ನೋಡಿದ. “ಹೌದಾ ಸಾರ್? ಇದು ಹೂ ಬಿಡದೇ ಇರೋ ಜಾತಿ ಅಂದ್ಕೊಂಡಿದ್ದೆ” ಎಂದು ಸ್ಕೂಟರ್ ಒದ್ದು ಹೊರಟುಹೋದ.

ಮೇಷ್ಟರಿಗೆ ಮೈಯೆಲ್ಲ ಉರಿಯಿತು. ಬೇರು ನಮ್ಮದು, ನೀರು ನಮ್ಮದು, ಹೆಸರು ಆ ಕಾಡಿನವಳಿಗೆ! ಏನೋ ಮಸಲತ್ತು ಇರಲೇಬೇಕೆಂದು ಏಣಿ ಹತ್ತಿ ಗೋಡೆಯ ಮೇಲಿಂದ ಇಣುಕಿದರೆ ಮಸಲತ್ತು ಕಣ್ಣಿಗೇ ಬಿತ್ತು. ಹೂ ತುಂಬಿದ ರೆಂಬೆಗೆ ಆಸ್ಪತ್ರೆಯ ಗ್ಲೂಕೋಸ್ ಬಾಟಲಿಯೊಂದು ತೂಗುತ್ತಿತ್ತು. ಅವರು ಒಂದೇ ಉಸಿರಿಗೆ ಅಡುಗೆಮನೆಗೆ ಬಂದರು.

“ಮರಕ್ಕೆ ಡ್ರಿಪ್ ಹಾಕಿದ್ದಾಳೆ ಕಣೇ ಅವಳು!”

ಹೆಂಡತಿ ತಿರುಗಿ ನೋಡದೆ ಬಾಣಲೆ ಉಜ್ಜುತ್ತಲೇ ಇದ್ದರು. ಭುಜ ಮಾತ್ರ ಕುಲುಕಿತು. ಅದು ಗುಬ್ಬಿಗಳಿಗೆ ನೀರು ತೊಟ್ಟಿಕ್ಕಲು ಕಟ್ಟಿದ ಬಾಟಲಿ ಎಂದು ಆಕೆಗೆ ಗೊತ್ತಿತ್ತು, ಹೇಳಲಿಲ್ಲ. ಮೇಷ್ಟ್ರು ನಾಲ್ಕು ಪೊಟ್ಟಣ ಗ್ಲೂಕೋಸ್ ಪುಡಿ ತಂದು ಬಕೆಟ್ಟಿನಲ್ಲಿ ಕದಡಿ ಬುಡಕ್ಕೆ ಸುರಿದರು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎಂದು ಗಾದೆ ಉಂಟಲ್ಲ, ಅದನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ಇನ್ನೊಬ್ಬರಿಲ್ಲ. ಸಂಜೆಯೊಳಗೆ ಬೀದಿಯ ಇರುವೆಯೆಲ್ಲ ಮರದ ಬುಡದಲ್ಲಿ ಸೇರಿ, ಅಲ್ಲಿಂದ ಕಿಟಕಿ ಹತ್ತಿ ಸಕ್ಕರೆ ಡಬ್ಬದ ತನಕ ದಾರಿ ಮಾಡಿಕೊಂಡವು. ಸಾಲು ಒಂದಿಷ್ಟೂ ಕೆಡದ ಹಾಗೆ ಹೋಗುತ್ತಿದ್ದ ಅವನ್ನು ಮೇಷ್ಟ್ರು ಸ್ವಲ್ಪ ಹೊತ್ತು ಮೆಚ್ಚಿಕೊಂಡೇ ನೋಡಿದರು. ಗುಡಿಸಿದವರು ಹೆಂಡತಿ, ಮೂರು ದಿನ.

ಅದೇ ವಾರ ಮೇಷ್ಟರ ಗಮನಕ್ಕೆ ಇನ್ನೊಂದು ಬಂತು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಹೆಂಡತಿ ಕಾಫಿ ಲೋಟ ಹಿಡಿದು ಹೊರಗೆ ಹೋಗುತ್ತಾಳೆ. ಎಲ್ಲಿಗೆ ಅಂದರೆ “ಇಲ್ಲೇ” ಅನ್ನುತ್ತಾಳೆ. ಏಳೂವರೆಗೆ ಖಾಲಿ ಲೋಟದೊಂದಿಗೆ, ಏನೋ ಗುನುಗುತ್ತಾ ಬರುತ್ತಾಳೆ. ಗುನುಗುವುದು! ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಈ ಮನೆಯೊಳಗೆ ಆಕೆ ಗುನುಗಿದ್ದು ಮೇಷ್ಟರಿಗೆ ನೆನಪಿರಲಿಲ್ಲ.

ಮಾರನೆಯ ದಿನ ಏಳೂ ಐದಕ್ಕೆ ಅವರು ಗೋಡೆಗೆ ಏಣಿ ಒರಗಿಸಿ, ಧೈರ್ಯಕ್ಕೆ ಸೀಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಹತ್ತಿದರು. ಗೋಡೆಯಾಚೆ ಹೂವಿನ ಕೆಳಗೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೆಂಡತಿ ಕಾಲು ಚಾಚಿ ಕೂತಿದ್ದರು. ಮಡಿಲ ತುಂಬ ನೇರಳೆ ಎಸಳು. ಪಕ್ಕದಲ್ಲಿ, ಪಾಳಿ ಮುಗಿಸಿ ಬಂದ ನರ್ಸಮ್ಮ.

“ಅಕ್ಕಾ, ಒಂದ್ಮಾತು ಹೇಳ್ಬಿಡಿ ಅವ್ರಿಗೆ” ಅನ್ನುತ್ತಿದ್ದಳು ನರ್ಸಮ್ಮ. “ಹೊಸ ಚಿಗುರಿನ ತುದೀಲಿ ತಾನೇ ಮೊಗ್ಗು ಬರೋದು? ವಾರ ವಾರ ತುದಿ ಕತ್ತರಿಸಿದ್ರೆ ಪಾಪ, ಮರ ಏನು ಮಾಡ್ಬೇಕು? ಬೇಕಿದ್ರೆ ಹೂವೆಲ್ಲ ಮುಗಿದ್ಮೇಲೆ ವರ್ಷಕ್ಕೊಂದ್ಸಲ ಕತ್ತರಿಸ್ಲಿ.”

“ಗೊತ್ತಿಲ್ವೇನೇ ನಂಗೆ? ಹೇಳಿದ್ರೆ ಕತ್ತರಿ ಕೆಳಗಿಡ್ತಾರೆ. ಇಟ್ಟು ಎಲ್ಲಿಗೆ ಬರ್ತಾರೆ? ನನ್ನ ಅಡುಗೆಮನೆಗೆ! ರಿಟೈರಾದ ಹೊಸದ್ರಲ್ಲಿ ಡಬ್ಬಾನೆಲ್ಲ ಎತ್ತರದ ಪ್ರಕಾರ ನಿಲ್ಲಿಸಿ, ಕಾಫಿಗೆ ಉಪ್ಪು ಬೀಳೋ ಹಾಗೆ ಮಾಡಿದ್ರು. ಅದಕ್ಕೇ ಕತ್ತರಿ ತಂದ್ಕೊಟ್ಟೆ. ಮರ ಹೋದ್ರೆ ಹೋಗ್ಲಿ, ಅಡುಗೆಮನೆ ಉಳೀತಲ್ಲ. ಹೂವು ನಿನ್ನ ಮನೇಲಿ ನೋಡ್ಕೋತೀನಿ.”

ಮೇಷ್ಟ್ರು ದಂಗಾಗಿ ಉಸಿರು ಬಿಟ್ಟರು. ಬಾಯಲ್ಲಿ ಸೀಟಿ ಇರುವುದು ಮರೆತೇ ಹೋಗಿತ್ತು. ಪೀ ಎಂದು ಅದು ಕೂಗಿತು. ಇಬ್ಬರೂ ತಲೆ ಎತ್ತಿದರು. ಗೋಡೆಯ ಮೇಲೆ ಅವರ ತಲೆಯೊಂದೇ ಕಾಣುತ್ತಿತ್ತು.

“ಆರು ವರ್ಷ!” ಎಂದಿತು ಆ ತಲೆ.

“ನಿಮಗೆ ಖುಷಿಯಾಗಿತ್ತಲ್ರೀ” ಅಂದರು ಹೆಂಡತಿ, ಎಸಳು ಕೊಡವಿಕೊಳ್ಳುತ್ತಾ.

ಮೇಷ್ಟರಿಗೆ ಮೋಸ ಹೋದದ್ದಕ್ಕೆ ಅಷ್ಟು ಬೇಜಾರಾಗಲಿಲ್ಲ. ಅವರನ್ನು ಚುಚ್ಚಿದ್ದು ಆ ಲೋಟ. ಹೆಂಡತಿ ಬೆಳಗಿನ ಕಾಫಿಯನ್ನು ತನ್ನಿಂದ ದೂರ, ಗೋಡೆಯಾಚೆ ಕುಡಿಯುತ್ತಾಳೆ. ಅಲ್ಲಿ ಅವಳ ಮುಖದಲ್ಲಿರುವ ನೆಮ್ಮದಿಯನ್ನು ಈ ಕಡೆ ತಾನು ಕಂಡೇ ಇಲ್ಲ. ಆ ಲೋಟ ಗೋಡೆಯ ಈಚೆಗೆ ಬರಬೇಕು. ಅವರು ಕತ್ತರಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದರು.

ಹೆಂಡತಿ ಹೆದರಿದ್ದು ಸುಳ್ಳಾಗಲಿಲ್ಲ. ಮೊದಲ ದಿನ ಮೇಷ್ಟ್ರು ಹಾಲು ಉಕ್ಕುವುದಕ್ಕೆ ಎಷ್ಟು ನಿಮಿಷ ಬೇಕೆಂದು ಗಡಿಯಾರ ಹಿಡಿದು ನಿಂತರು. ಎರಡನೇ ದಿನ ಚಮಚಗಳು ಗೋಡೆಗೆ ಸಾಲಾಗಿ ನೇತುಬಿದ್ದವು. ಮೂರನೇ ದಿನ, ಒಗ್ಗರಣೆಗೆ ಎಣ್ಣೆ ಕಾದು ಹೊಗೆಯಾಡುತ್ತಿದ್ದರೂ ಸಾಸಿವೆ ಡಬ್ಬ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ, ಅದನ್ನಿಟ್ಟ ಮೇಷ್ಟರಿಗೂ.

ನಾಲ್ಕನೇ ದಿನ ಹೆಂಡತಿಯೇ ಅಟ್ಟ ಹತ್ತಿ ಕತ್ತರಿ ಇಳಿಸಿ ತಂದು ಅವರ ಮುಂದಿಟ್ಟರು. ಕಣ್ಣಲ್ಲಿ ನೀರಿತ್ತು. “ಹೂವು ಬೇಡ ನಂಗೆ. ನಿಮ್ಮ ದಮ್ಮಯ್ಯ, ಮರದ ಹತ್ರಾನೇ ಹೋಗಿ.”

ಮೇಷ್ಟ್ರು ಕತ್ತರಿ ಎತ್ತಿಕೊಂಡು ಹೊರಟರು. ಸ್ವಲ್ಪ ಹೊತ್ತಿಗೆ ಕರ್‌ಕರ್ ಸದ್ದು ಶುರುವಾಯಿತು. ಆಕೆ ಕಿಟಕಿಗೆ ಬೆನ್ನು ಮಾಡಿ ನಿಂತರು. ಆಮೇಲೆ ತಡೆಯಲಾರದೆ ತಿರುಗಿದರೆ ಮರದ ಹತ್ತಿರ ಯಾರೂ ಇಲ್ಲ! ಸದ್ದು ಗೋಡೆಯಾಚೆಯದು. ಆಕೆ ಆ ಕಡೆ ಓಡಿಹೋಗಿ ನೋಡಿದರು. ನರ್ಸಮ್ಮನ ಕಾಡಿನ ನಡುವೆ ಮೇಷ್ಟ್ರು ಸೊಂಟ ಬಗ್ಗಿಸಿ ಮೊಣಕಾಲುದ್ದ ಕಳೆ ಕತ್ತರಿಸುತ್ತಿದ್ದರು. ಜೇಬಿನಿಂದ ಒಂದು ಚೀಟಿ ಇಣುಕುತ್ತಿತ್ತು. ನರ್ಸಮ್ಮ ಮಲಗಿರುವ ಹೊತ್ತು ಯಾವುದು, ಆಸ್ಪತ್ರೆಯಲ್ಲಿರುವ ಹೊತ್ತು ಯಾವುದು, ಎಲ್ಲ ಗೆರೆ ಹೊಡೆದು ಬರೆದುಕೊಂಡಿದ್ದರು. ಆ ಅಂಗಳ ಮುಗಿದ ಮೇಲೆ ಎದುರುಮನೆಯ ಬೇಲಿ, ಅದಾದ ಮೇಲೆ ತಿರುವಿನ ಮನೆಯ ಹುಲ್ಲು. ಬೀದಿಯಲ್ಲಿ ಬೇಲಿಗಳಿಗೇನು ಬರವೇ?

ತಮ್ಮ ಮರದ ಮುಂದೆ ಮಾತ್ರ ಪ್ರತಿದಿನ ಕೈ ಹಿಂದಕ್ಕೆ ಕಟ್ಟಿ ನಿಲ್ಲುತ್ತಿದ್ದರು. ಒಂದು ರೆಂಬೆ ಕಿಟಕಿಯ ಕಡೆ ಸೊಟ್ಟಗೆ ಚಾಚಿಕೊಂಡಿತು. ಇನ್ನೊಂದು ಎಲ್ಲರಿಗಿಂತ ಎರಡು ಗೇಣು ಮೇಲೆ ಹೋಯಿತು. ಚೆಂಡು ಕೆಟ್ಟು, ಮರ ಹಾಸಿಗೆಯಿಂದ ಆಗಷ್ಟೇ ಎದ್ದವರ ತಲೆಯ ಹಾಗಾಯಿತು. ಮೇಷ್ಟರ ಬೆರಳು ಬೆನ್ನ ಹಿಂದೆ ಒಂದನ್ನೊಂದು ಹಿಸುಕಿಕೊಂಡವು. ಹೆಂಡತಿ ಕಿಟಕಿಯಿಂದ ನೋಡುತ್ತಿದ್ದರು. ಒಂದು ದಿನ, ಅದು ಯಾವತ್ತೋ, ಏಳು ಗಂಟೆಗೆ ಲೋಟ ಹಿಡಿದು ಹೊಸ್ತಿಲ ತನಕ ಹೋದವರು ವಾಪಸು ಬಂದು ಕಿಟಕಿಯಲ್ಲೇ ನಿಂತು ಕುಡಿದರು. ಮೇಷ್ಟ್ರು ಅದನ್ನು ನೋಡಿದರು.

ಎಂಬತ್ತನೇ ದಿನಕ್ಕೆ ಸೊಟ್ಟ ರೆಂಬೆಯ ತುದಿಯಲ್ಲೇ ಮೊದಲ ಗೊಂಚಲು ಬಿಚ್ಚಿತು. ವಾರದೊಳಗೆ ಕಿಟಕಿಯೆಲ್ಲ ನೇರಳೆ.

ಸ್ಕೂಟರಿನವನು ಮತ್ತೆ ನಿಂತ. “ಸಾರ್! ಏನು ಗೊಬ್ಬರ ಹಾಕಿದ್ರಿ?”

“ಗೊಬ್ಬರ ಏನೂ ಇಲ್ಲ. ಎಂಬತ್ತು ದಿನ ಮುಟ್ಟದೆ ನಿಂತೆ” ಅಂದರು ಮೇಷ್ಟ್ರು. “ಮೂವತ್ತೆರಡು ವರ್ಷದ ಸರ್ವೀಸಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿರ್ಲಿಲ್ಲ ಕಣಪ್ಪ.”

ಆಗ ಹೂವಿನ ಹಿಂದಿನಿಂದ, ಕಿಟಕಿಯೊಳಗಿಂದ ಹೆಂಡತಿಯ ದನಿ ಬಂತು. “ರೀ, ಸ್ವಲ್ಪ ಒಳಗೆ ಬನ್ನಿ. ಮೇಲಿನ ಹಲಗೆಯಿಂದ ಸಕ್ಕರೆ ಡಬ್ಬ ಇಳಿಸ್ಕೊಡಿ, ಕೈ ಎಟುಕ್ತಿಲ್ಲ. ನಿಮಗೂ ಕಾಫಿ ಇಟ್ಟಿದ್ದೀನಿ.”

ಮೇಷ್ಟ್ರು ಬಾಗಿಲ ಬಳಿ ಬೂಟು ಕಳಚಿ, ಆ ಅಡುಗೆಮನೆಯೊಳಗೆ ಅಳುಕುತ್ತಲೇ ಕಾಲಿಟ್ಟರು. ಸಕ್ಕರೆ ಡಬ್ಬ ಇಳಿಸಿ ಕೊಟ್ಟರು. ಹಲಗೆಯ ಮೇಲೆ ಮಿಕ್ಕ ಡಬ್ಬಗಳು ಓರೆಕೋರೆಯಾಗಿ, ಗಿಡ್ಡದರ ಹಿಂದೆ ಉದ್ದದ್ದು, ಒಂದಕ್ಕೆ ಮುಚ್ಚಳವೂ ಸೊಟ್ಟ. ಮೇಷ್ಟ್ರು ಅವನ್ನು ನೋಡಿದರು. ಹೆಂಡತಿ ಮೇಷ್ಟರನ್ನು ನೋಡಿದರು. ಮೇಷ್ಟ್ರು ಕೈ ಹಿಂದಕ್ಕೆ ಕಟ್ಟಿಕೊಂಡರು.